ಕೆಟ್ಟ ಭಾಗ ಇಟ್ಟುಕೊಂಡೇ ಹಾರುವ ವಿಮಾನ: ಸಿಟ್ಟು ಯಾರ ಮೇಲೆ?

ಕಣ್ಣೂರಿನಿಂದ ಗಲ್ಫ್‌ಗೆ ಹೊರಟಿದ್ದ ನನ್ನ ಅಕ್ಕನ ಮಗನ ವಿಮಾನ ಮೊನ್ನೆ ಗಂಟೆಗಟ್ಟಲೆ ತಡವಾಯಿತು. ವಿಚಾರಿಸಿದರೆ ‘ತಾಂತ್ರಿಕ ಕಾರಣ’ ಅಂತ ಅಷ್ಟೇ ಉತ್ತರ. ಕೊನೆಗೆ ಸಿಬ್ಬಂದಿ ಯಾರೋ ಬಾಯಿ ಬಿಟ್ಟರಂತೆ: ಒಂದು ಭಾಗ ನಿನ್ನೆಯೇ ಕೆಟ್ಟಿತ್ತು, ಇವತ್ತಿನ ಕ್ಯಾಪ್ಟನ್ ಹಾಗೇ ತೆಗೆದುಕೊಂಡು ಹೋಗಲು ಒಪ್ಪುತ್ತಿಲ್ಲ. ಇಷ್ಟು ಸಾಕಾಯಿತು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ. ‘ಕೆಟ್ಟಿದೆ ಅಂತ ಗೊತ್ತಿದ್ದೂ ನಿನ್ನೆ ಹಾರಿಸಿದ್ರಾ?’ ಅಂತ ಕೆಲವರು. ‘ನಿನ್ನೆ ಹಾರಿದ್ದು ಇವತ್ತು ಯಾಕೆ ಹಾರಲ್ಲ? ಅವನಿಗೆ ಪೊಗರು’ ಅಂತ ಉಳಿದವರು.

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ, ಕಣ್ಣೂರು ವಿಮಾನ ನಿಲ್ದಾಣ ಇರುವ ಮಟ್ಟನ್ನೂರಿಗೆ ಹೋಗಿ ಕೂತವರಿಗೆ ಸಿಟ್ಟು ಬರುವುದು ಸಹಜ. ಆದರೆ ಈ ಎರಡೂ ಪ್ರಶ್ನೆಗೆ ಉತ್ತರ ಇದೆ. ವಾಯುಪಡೆಯಲ್ಲಿ ವಿಮಾನ ರಿಪೇರಿ, ಆಮೇಲೆ ಬೆಂಗಳೂರಿನಲ್ಲಿ ಪ್ರಯಾಣಿಕರ ವಿಮಾನಗಳ ಲೈನ್ ಮೇಂಟೆನೆನ್ಸ್ ಮಾಡಿ, ಈಗ ಕಾಫಿ ತೋಟ ನೋಡಿಕೊಂಡಿರುವವನ ಮಾತು ಅಂತ ಓದಿಕೊಳ್ಳಿ.

ವಿಮಾನದಲ್ಲಿ ಆಗಾಗ ಏನಾದರೊಂದು ಕೆಟ್ಟಿರುತ್ತದೆ. ಹೆದರಬೇಡಿ. ಯಾವ್ಯಾವ ಭಾಗ ಕೆಟ್ಟಿದ್ದರೆ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಅಂತ ಒಂದು ಪಟ್ಟಿ ಇದೆ. ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್, ನಮ್ಮ ಬಾಯಲ್ಲಿ ಎಂಇಎಲ್. ಪ್ರತಿ ಮಾದರಿಯ ವಿಮಾನಕ್ಕೂ ಒಂದು ಮಾಸ್ಟರ್ ಪಟ್ಟಿ ಇರುತ್ತದೆ. ಅದನ್ನು ನೋಡಿಕೊಂಡು ಪ್ರತಿ ಏರ್‌ಲೈನ್ ತನ್ನ ಪಟ್ಟಿ ಮಾಡಿಕೊಳ್ಳುತ್ತದೆ. ಮಾಸ್ಟರ್‌ಗಿಂತ ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು. ದೋಷಗಳನ್ನು ವರ್ಗ ಮಾಡಿ ಸರಿಪಡಿಸಲು ಗಡುವು ಕೊಟ್ಟಿರುತ್ತಾರೆ: ‘ಬಿ’ ವರ್ಗದ ದೋಷಕ್ಕೆ 3 ದಿನ, ‘ಸಿ’ಗೆ 10, ‘ಡಿ’ಗೆ 120. ದೋಷ ಕಂಡ ದಿನ ಲೆಕ್ಕಕ್ಕಿಲ್ಲ. ‘ಎ’ ವರ್ಗಕ್ಕೆ ಗಡುವು ಎಷ್ಟು ಅಂತ ಪಟ್ಟಿಯಲ್ಲೇ ಬರೆದಿರುತ್ತದೆ. ದೋಷವನ್ನು ಟೆಕ್ ಲಾಗ್ ಎಂಬ ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು, ಕೆಟ್ಟ ಸ್ವಿಚ್ ಪಕ್ಕ ಚೀಟಿ ಅಂಟಿಸಿ, ಎಂಜಿನಿಯರ್ ಸಹಿ ಹಾಕಿದ ಮೇಲೆ ಕ್ಯಾಪ್ಟನ್ ನೋಡಿ ಒಪ್ಪಿಕೊಳ್ಳಬೇಕು.

ನಿಜವಾದ ವಿಷಯ ಇರುವುದು ಷರತ್ತಿನಲ್ಲಿ. ವೈಪರ್ ಕೆಟ್ಟ ಜೀಪನ್ನು ಫೆಬ್ರವರಿಯಲ್ಲಿ ಗೋಣಿಕೊಪ್ಪ ಸಂತೆಗೆ ಒಯ್ಯಬಹುದು. ಜುಲೈನಲ್ಲಿ ಅದೇ ಜೀಪಿನಲ್ಲಿ ಮಾಕುಟ್ಟ ಇಳಿಯುತ್ತೀರಾ? ವಿಮಾನದ್ದೂ ಅದೇ ಲೆಕ್ಕ. ಬಾಲದಲ್ಲಿ ಎಪಿಯು ಅಂತ ಒಂದು ಚಿಕ್ಕ ಎಂಜಿನ್ ಇರುತ್ತದೆ. ದೊಡ್ಡ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ಕೊಡುವುದು, ನೆಲದ ಮೇಲಿದ್ದಾಗ ಒಳಗೆ ತಂಪು ಮಾಡುವುದು ಅದರ ಕೆಲಸ. ಅದು ಕೆಟ್ಟರೂ ಹಾರಬಹುದು. ಆದರೆ ಇಳಿಯುವ ಊರಿನಲ್ಲಿ ಗಾಳಿ ಕೊಡುವ ಗಾಡಿ ಇಲ್ಲದಿದ್ದರೆ ಅಲ್ಲಿಂದ ವಾಪಸ್ ಹೇಗೆ ಹೊರಡುತ್ತೀರಿ? ಇಳಿದ ಮೇಲೆ ವೇಗ ತಗ್ಗಿಸುವ ಥ್ರಸ್ಟ್ ರಿವರ್ಸರ್ ಒಂದು ಕೆಟ್ಟರೂ ಹಾರಬಹುದು, ಆದರೆ ರನ್‌ವೇ ಒದ್ದೆಯಿದ್ದರೆ ಲೆಕ್ಕವೇ ಬದಲಾಗುತ್ತದೆ. ಕಣ್ಣೂರಿನ ರನ್‌ವೇ 3,050 ಮೀಟರ್, ಮಂಗಳೂರಿನದು 2,450. ಎರಡೂ ಗುಡ್ಡದ ನೆತ್ತಿಯ ಮೇಲೆ. ನಿನ್ನೆ ಒಣ ನೆಲ, ಉದ್ದ ರನ್‌ವೇ. ಇವತ್ತು ಮಳೆ, ಗಿಡ್ಡ ರನ್‌ವೇ, ತುಂಬಿದ ವಿಮಾನ. ಆಗ ನಿನ್ನೆಯವರು ಹೂಂ ಅಂದಿದ್ದೂ ಸರಿ, ಇವತ್ತಿನವರು ಊಹೂಂ ಅಂದಿದ್ದೂ ಸರಿ.

ಇನ್ನೊಂದು ಮಾತು. ಎಂಇಎಲ್ ಹಾರಲು ಬಿಡುತ್ತದೆಯೇ ಹೊರತು ಹಾರಲೇಬೇಕು ಅಂತ ಹೇಳುವುದಿಲ್ಲ. ಒಂದೊಂದೇ ನೋಡಿದರೆ ಪಟ್ಟಿಯಲ್ಲಿ ಓಕೆ ಇರುವ ಎರಡು ದೋಷ ಒಟ್ಟಿಗೆ ಬಂದಾಗ ಓಕೆಯಾ ಅಂತ ಯೋಚಿಸಬೇಕಾದವರು ಕ್ಯಾಪ್ಟನ್. ಬೇಡ ಅಂದವರನ್ನು ಗೇಟಿನಲ್ಲಿ ನಿಂತು ಬೈಯುವುದು, ವಿಡಿಯೋ ಮಾಡುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತ ಅಲ್ಲ. ನನಗೆ ಭಯ ಇರುವುದು ಒಂದೇ ದೋಷ ಮತ್ತೆ ಮತ್ತೆ ಬಂದಾಗ. 2014ರ ಡಿಸೆಂಬರ್ 28ರಂದು ಸುರಬಾಯದಿಂದ ಸಿಂಗಪುರಕ್ಕೆ ಹೊರಟ ಇಂಡೊನೇಷ್ಯಾ ಏರ್‌ಏಷ್ಯಾ ವಿಮಾನ ಸಮುದ್ರಕ್ಕೆ ಬಿದ್ದು 162 ಜನ ಸತ್ತರು. ರಡ್ಡರ್, ಅಂದರೆ ಬಾಲದಲ್ಲಿ ಎಡಬಲಕ್ಕೆ ತಿರುಗುವ ಹಲಗೆ, ಅದನ್ನು ನಿಯಂತ್ರಿಸುವ ಒಂದು ಎಲೆಕ್ಟ್ರಾನಿಕ್ ಘಟಕದಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಹಿಂದಿನ ಒಂದು ವರ್ಷದಲ್ಲಿ ಅದೇ ತೊಂದರೆ 23 ಸಲ ಬಂದಿತ್ತು! ಆ ಕ್ಯಾಪ್ಟನ್ ಕೆಲವು ದಿನ ಮುಂಚೆ, ನೆಲದ ಮೇಲೆ, ಎಂಜಿನಿಯರ್ ಕರೆಂಟ್ ಕಡಿಯುವ ಸರ್ಕ್ಯೂಟ್ ಬ್ರೇಕರ್ ಎಳೆದು ಅದನ್ನು ಸರಿಮಾಡಿದ್ದನ್ನು ನೋಡಿದ್ದರು. ಆ ದಿನ ಆಕಾಶದಲ್ಲೇ ಬ್ರೇಕರ್ ತೆಗೆದಂತಿದೆ. ಆಟೊಪೈಲಟ್ ಬಿಟ್ಟುಹೋಯಿತು, ವಿಮಾನ ಕೈತಪ್ಪಿತು.

2008ರ ಆಗಸ್ಟ್ 20ರ ಮ್ಯಾಡ್ರಿಡ್ ಕಥೆ ಇನ್ನೂ ಕಷ್ಟ. ಹಾರಾಟದಲ್ಲಿ ಮಾತ್ರ ಬಿಸಿಯಾಗಬೇಕಾದ ಒಂದು ಸೆನ್ಸರ್ ನೆಲದ ಮೇಲೆಯೇ ಬಿಸಿಯಾಗುತ್ತಿದೆ ಅಂತ ಸ್ಪ್ಯಾನೇರ್ ವಿಮಾನ ವಾಪಸ್ ಬಂತು. ಎಂಇಎಲ್ ನೋಡಿದರು, ಆ ಹೀಟರ್ ಬಂದ್ ಮಾಡಿ ಕಳಿಸಿದರು. ಪಟ್ಟಿಯ ಪ್ರಕಾರ ಸರಿಯೇ. ಆದರೆ ತಡವಾದ ಗಡಿಬಿಡಿಯಲ್ಲಿ ಪೈಲಟ್‌ಗಳು ಮೇಲೇರಲು ಬೇಕಾದ, ರೆಕ್ಕೆಯ ಹಿಂದಿನ ಫ್ಲ್ಯಾಪ್ ಇಳಿಸುವುದನ್ನು ಮರೆತರು. ಎಚ್ಚರಿಸಬೇಕಿದ್ದ ಅಲಾರ್ಮ್ ಕೂಗಲಿಲ್ಲ. 154 ಜನ ಸತ್ತರು. ಸೆನ್ಸರ್ ಬಿಸಿಯಾಗಿದ್ದಕ್ಕೂ ಅಲಾರ್ಮ್ ಸುಮ್ಮನಿದ್ದದ್ದಕ್ಕೂ ಒಂದೇ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಕಾರಣವಿರಬಹುದು ಅಂತ ತನಿಖೆ ಹೇಳಿತು, ಖಚಿತಪಡಿಸಲು ಆಗಲಿಲ್ಲ. ಪಟ್ಟಿ ನೋಡುವ ಅವಸರದಲ್ಲಿ ‘ಇದು ಯಾಕೆ ಹೀಗಾಯ್ತು?’ ಅಂತ ಕೇಳುವುದೇ ಬಿಟ್ಟುಹೋಗುತ್ತದೆ.

ಮರುಕಳಿಸುವ ದೋಷಗಳ ಮೇಲೆ ಕಣ್ಣಿಡಬೇಕು ಅಂತ ನಿಯಮ ಇದ್ದೇ ಇದೆ. ಆದರೆ ಬಿಡಿಭಾಗ ಸ್ಟಾಕ್ ಇಲ್ಲ, ವಿಮಾನಕ್ಕೆ ಒಂದು ರಾತ್ರಿಯೂ ಬಿಡುವಿಲ್ಲ, ಗಡುವು ಮುಗಿಯುವಾಗ ವಿಸ್ತರಣೆ ಪತ್ರ ರೆಡಿ ಅಂತಾದರೆ ನಿಯಮ ಏನು ಮಾಡುತ್ತದೆ? ಸಿಟ್ಟು ಮಾಡುವುದಾದರೆ ಅಲ್ಲಿ ಮಾಡಿ.

ಏರ್‌ಲೈನ್‌ಗಳೂ ಈ ‘ತಾಂತ್ರಿಕ ಕಾರಣ’ವನ್ನು ಬಿಟ್ಟುಬಿಡಲಿ. ‘ಎಪಿಯು ಕೆಟ್ಟಿದೆ, ಅಲ್ಲಿ ಸ್ಟಾರ್ಟ್ ಮಾಡುವ ಗಾಡಿ ಇಲ್ಲ, ಬಿಡಿಭಾಗ ಸಂಜೆ ಬರುತ್ತದೆ’ ಅಂತ ಹೇಳಲು ಅರ್ಧ ನಿಮಿಷ ಸಾಕು. ಬೈಯುವವರು ಆಗಲೂ ಬೈಯುತ್ತಾರೆ, ಗೊತ್ತು. ಗೇಟಿನಲ್ಲಿ ನಿಂತ ಹುಡುಗಿಗಾದರೂ ಸ್ವಲ್ಪ ಕಡಿಮೆ ಬೀಳುತ್ತದೆ.