ಘಟ್ಟ ಇಳಿದ ನೆತ್ತರು

ಕೊಡಗಿನ ಬೆಳೆಗಾರರಿಗೆ ಅಳತೆಯ ವಿಷಯದಲ್ಲಿ ಒಂದು ಶಿಸ್ತಿದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು, 'ಒಂದು ಇಂಚು ನಲವತ್ತು ಸೆಂಟ್' ಎಂದು ಡೈರಿಯಲ್ಲಿ ಬರೆದ ಮೇಲೆಯೇ ಅವರಿಗೆ ಕಾಫಿ ರುಚಿಸುವುದು. ಮಾಪಕವನ್ನು ಮರದಡಿ ಇಟ್ಟವನ ಲೆಕ್ಕವನ್ನು ಪಕ್ಕದ ತೋಟದವರು ಮದುವೆಮನೆಯಲ್ಲಿಯೂ ಒಪ್ಪುವುದಿಲ್ಲ. ರಕ್ತದಲ್ಲಿ ಜೀವಕೋಶದ ಹೊರಗೆ ತೇಲುವ ಆರ್‌ಎನ್‌ಎಯನ್ನು ಅಳೆದು ಕ್ಯಾನ್ಸರನ್ನು ಮೊದಲೇ ಹಿಡಿಯಹೊರಟ ಘನ ವಿಜ್ಞಾನಕ್ಕೆ ಮಾತ್ರ ಈ ಮರದಡಿಯ ನಿಯಮ ಅನ್ವಯಿಸದಂತೆ ತೋರುತ್ತದೆ.

ರಕ್ತದಿಂದ ಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವವಾದ ಪ್ಲಾಸ್ಮಾದಲ್ಲಿ ಮೈಕ್ರೋಆರ್‌ಎನ್‌ಎಗಳು (ಜೀನುಗಳನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕುಗಳು) ಕೆಡದೆ ಉಳಿಯುತ್ತವೆ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವನ್ನೂ ಕೊಡುತ್ತವೆ ಎಂದು 2008ರಲ್ಲಿ ವರದಿಯಾದದ್ದೇ ತಡ, ಕ್ಯಾನ್ಸರಿನ ಸೂಚಕಗಳೆಂದು ಪ್ರಯೋಗಾಲಯಕ್ಕೊಂದು ಪಟ್ಟಿ ಹೊರಬಿದ್ದಿತು. ಒಬ್ಬರಲ್ಲಿ ಏರಿದ್ದು ಇನ್ನೊಬ್ಬರಲ್ಲಿ ಇಳಿದಿತ್ತು. ಇಳಿಯದೆ ಏನು ಮಾಡೀತು? ಒಬ್ಬರದು ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಂ, ಇನ್ನೊಬ್ಬರದು ಪ್ಲಾಸ್ಮಾ. ರಕ್ತ ಹೆಪ್ಪುಗಟ್ಟದಿರಲೆಂದು ಒಬ್ಬರ ಟ್ಯೂಬಿನಲ್ಲಿ ಇಡಿಟಿಎ, ಇನ್ನೊಬ್ಬರದರಲ್ಲಿ ನಕಲು ಮಾಡಿ ಎಣಿಸುವ ಪಿಸಿಆರ್ ಪರೀಕ್ಷೆಗೇ ಅಡ್ಡಗಾಲು ಹಾಕುವ ಹೆಪಾರಿನ್. ಒಬ್ಬರು ಕಣಗಳನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್ ಯಂತ್ರವನ್ನು ಒಮ್ಮೆ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನು ಉಳಿಸಿಕೊಂಡರೆ, ಇನ್ನೊಬ್ಬರು ಎರಡು ಬಾರಿ ತಿರುಗಿಸಿ ಕಳೆದುಕೊಂಡರು.

ಮಡಿಕೇರಿಯಲ್ಲಿ ಬೆಳಿಗ್ಗೆ ತೆಗೆದ ರಕ್ತದ ಟ್ಯೂಬೊಂದು ಬಸ್ಸಿನ ಚಾಲಕನ ಪಕ್ಕದಲ್ಲಿ ಕುಳಿತು, ಸಂಪಾಜೆ ಘಟ್ಟದ ಪ್ರತಿ ತಿರುವಿನಲ್ಲಿಯೂ ಕುಲುಕಾಡುತ್ತ ಮಂಗಳೂರಿಗೆ ಇಳಿಯಿತೆನ್ನೋಣ. ಸಂಜೆ ಸೆಂಟ್ರಿಫ್ಯೂಜಿನಿಂದ ಹೊರಬಂದ ಪ್ಲಾಸ್ಮಾ ಹುಲ್ಲಿನ ಹಳದಿಯಾಗಿರದೆ ನಸುಗೆಂಪಾಗಿರುತ್ತದೆ. ಕೆಂಪು ರಕ್ತಕಣಗಳು ಒಡೆದು, ಅವುಗಳೊಳಗೆ ತುಂಬಿದ್ದ ಮಿಆರ್-451 ಮತ್ತು ಮಿಆರ್-16 ಎಂಬ ಮೈಕ್ರೋಆರ್‌ಎನ್‌ಎಗಳು ಹೊರಚೆಲ್ಲಿರುತ್ತವೆ. ಯಂತ್ರ ಅವನ್ನೆಲ್ಲ ಪ್ರಾಮಾಣಿಕವಾಗಿ ಎಣಿಸುತ್ತದೆ, ರೋಗಿಯ ಹೆಸರಿನ ಮುಂದೆ 'ಏರಿಕೆ' ಎಂದು ಬೀಳುತ್ತದೆ. ರಸ್ತೆಯ ಗುಂಡಿಗೆ ಗಡ್ಡೆಯೆಂದು ನಾಮಕರಣವಾಗುವುದು ಹೀಗೆ. ಕ್ಯಾನ್ಸರಿನ ಸೂಚಕಗಳೆಂದು ಹೆಸರು ಮಾಡಿದ್ದ 79 ಮೈಕ್ರೋಆರ್‌ಎನ್‌ಎಗಳಲ್ಲಿ 46 ರಕ್ತಕಣಗಳಲ್ಲಿಯೇ ಹೇರಳವಾಗಿವೆ ಎಂದು 2012ರಲ್ಲಿಯೇ ಒಂದು ಅಧ್ಯಯನ ಎಚ್ಚರಿಸಿತ್ತು. ಒಡೆದ ಕಣಗಳ ಹೀಮೋಗ್ಲೋಬಿನನ್ನು 414 ನ್ಯಾನೊಮೀಟರಿನ ಬೆಳಕಿನಲ್ಲಿ ಪತ್ತೆಹಚ್ಚಬಹುದು. ಆದರೆ ಕಷ್ಟಪಟ್ಟು ಸಂಗ್ರಹಿಸಿದ ಮಾದರಿಯನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು?

ಇನ್ನು ಅಳತೆಗೋಲಿನ ಕಥೆ. ಹಲವರು ಮಿಆರ್-16 ಅನ್ನೇ ಸ್ಥಿರವೆಂದು ನಂಬಿ, ಉಳಿದವನ್ನು ಅದರೊಂದಿಗೆ ಹೋಲಿಸಿದರು. ಕಣ ಒಡೆದೊಡನೆ ಉಕ್ಕುವ ಅದೇ ಮಿಆರ್-16! (ಸೇರೇ ಹಿಗ್ಗುವ ಅಂಗಡಿಯಲ್ಲಿ ಅಕ್ಕಿ ಕೊಂಡ ಹಾಗೆ.) ಇದರಿಂದ ಬೇಸತ್ತವರು, ಮನುಷ್ಯನಲ್ಲಿಲ್ಲದ ದುಂಡುಹುಳುವೊಂದರ ಮೈಕ್ರೋಆರ್‌ಎನ್‌ಎಯ ಕೃತಕ ಪ್ರತಿಯನ್ನು ಗೊತ್ತಾದ ಪ್ರಮಾಣದಲ್ಲಿ ಪ್ಲಾಸ್ಮಾಕ್ಕೆ ಬೆರೆಸಿ ಲೆಕ್ಕ ಹಾಕುತ್ತಾರೆ. ಪ್ರಯೋಗಾಲಯದೊಳಗೆ ಎಷ್ಟು ಸೋರಿಹೋಯಿತೆಂಬುದನ್ನು ಅದು ನಿಷ್ಠೆಯಿಂದ ಹೇಳುತ್ತದೆ. ಘಟ್ಟದಲ್ಲಿ ನಡೆದುದರ ಬಗ್ಗೆ ಮಾತ್ರ ಅದಕ್ಕೇನೂ ತಿಳಿಯದು, ಏಕೆಂದರೆ ಆ ಹುಳು ಬಸ್ಸಿನಲ್ಲಿ ಬಂದಿರಲಿಲ್ಲ.