ಅರೆಸ್ಟರ್ ರಿಪೇರಿಗೆ ಮೊಬೈಲ್ ಆಂಟೆನಾ ಆಫ್ ಮಾಡಿಸಬೇಕಾ?

ಪರ

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳ ಟೆರೇಸಿನಲ್ಲಿ ಲೈಟ್ನಿಂಗ್ ಅರೆಸ್ಟರ್ (ಸಿಡಿಲನ್ನು ಮಣ್ಣಿಗಿಳಿಸುವ ಕಂಬಿ), ಮೊಬೈಲ್ ಆಂಟೆನಾ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಎರಡಕ್ಕೂ ಎತ್ತರದ ಜಾಗವೇ ಬೇಕಲ್ವಾ? ಬೇಸಿಗೆ ಮಳೆಗೆ ಮುಂಚೆ ಅರೆಸ್ಟರ್ ನೋಡಲು ಬರುವವನು ಸಾಮಾನ್ಯವಾಗಿ ಎಲೆಕ್ಟ್ರಿಷಿಯನ್, ಟೆಲಿಕಾಂನವನಲ್ಲ. ಪಕ್ಕದ ಉದ್ದನೆಯ ಬಿಳಿ ಡಬ್ಬಿ, ಅಂದರೆ ಆಂಟೆನಾ, ಯಾವ ಕಡೆ ಮುಖ ಮಾಡಿದೆ ಅನ್ನುವುದೂ ಅವನಿಗೆ ಗೊತ್ತಿರುವುದಿಲ್ಲ.

2012ರಲ್ಲಿ ಭಾರತ ಟವರ್ ರೇಡಿಯೇಶನ್ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಅದು ಚದರ ಮೀಟರಿಗೆ 0.45 ವ್ಯಾಟ್. ಒಳ್ಳೆಯದೇ. ಆದರೆ ಆ ಲೆಕ್ಕ ಹಾಕಿದ್ದು ರಸ್ತೆಯಲ್ಲಿ ಓಡಾಡುವ, ಎದುರು ಮನೆಯಲ್ಲಿ ಮಲಗುವ ಜನರಿಗಾಗಿ. ಆಂಟೆನಾದ ಮುಂದೆ ಒಂದಡಿ ದೂರದಲ್ಲಿ ನಿಂತು ಬೋಲ್ಟ್ ಬಿಗಿಸುವವನಿಗೆ ಅದರಿಂದೇನು ಸಮಾಧಾನ? ಅಷ್ಟು ಹತ್ತಿರದಲ್ಲಿ ಮೈಯೊಳಗೆ ಬಿಸಿಯೇರುವ ಅಪಾಯ ನಿಜವಾದದ್ದು. ಕಣ್ಣಿನ ಲೆನ್ಸಿಗೆ ರಕ್ತವೇ ಹರಿಯುವುದಿಲ್ಲ, ಅಲ್ಲಿ ಸೇರಿದ ಬಿಸಿ ಬೇಗ ಆರುವುದಿಲ್ಲ. ಆ ಒಂದು ಸೆಕ್ಟರ್ (ಒಂದು ದಿಕ್ಕಿಗೆ ಸಿಗ್ನಲ್ ಕೊಡುವ ಆಂಟೆನಾ) ತಾಸು ಹೊತ್ತು ಆಫ್ ಆದರೆ ಯಾರ ಗಂಟೂ ಹೋಗುವುದಿಲ್ಲ.

ವಿರೋಧ

ಆಂಟೆನಾದ ಎದುರಿಗೇ ನಿಲ್ಲಬೇಕಾದರೆ ಆಫ್ ಮಾಡಿಸಿ, ತಕರಾರಿಲ್ಲ. ಪ್ರತಿ ಸಲವೂ ಅಂದರೆ ಜಾಸ್ತಿಯಾಯಿತು.

ಆಂಟೆನಾ ಟಾರ್ಚ್ ಇದ್ದ ಹಾಗೆ. ಮುಂದೆ ಜೋರು, ಬೆನ್ನಿನ ಕಡೆ ತೀರಾ ಕಡಿಮೆ. ಹಿಂದಿನಿಂದ ಹೋಗುವ ದಾರಿ ಗುರುತು ಮಾಡಿ, ಮುಂದಿನ ಜಾಗಕ್ಕೆ ಚೈನ್ ಕಟ್ಟಿದರೆ ಬಹುಪಾಲು ಕೆಲಸ ಮುಗಿಯಿತು. (ಅರೆಸ್ಟರ್‌ನಿಂದಲೇ ರೇಡಿಯೇಶನ್ ಬರುತ್ತದೆ ಅಂತ ಸುಮ್ನೆ ಹೆದರುವವರೂ ಇದ್ದಾರೆ. ಮಾಮೂಲಿ ಅರೆಸ್ಟರ್ ಅಂದರೆ ಒಂದು ಕಂಬಿ, ಮಣ್ಣಿಗಿಳಿಯುವ ಒಂದು ಲೋಹದ ಪಟ್ಟಿ, ಅಷ್ಟೇ.) ಇನ್ನು ವರ್ಷದ ತಪಾಸಣೆಯಲ್ಲಿ ಅರ್ಥಿಂಗ್‌ನ ರೆಸಿಸ್ಟೆನ್ಸ್ (ಕರೆಂಟು ಮಣ್ಣಿಗಿಳಿಯಲು ಇರುವ ತಡೆ) 10 ಓಮ್ ದಾಟಿಲ್ಲ ತಾನೇ ಅಂತ ನೋಡುವುದು ಕೆಳಗಿನ ಟೆಸ್ಟ್ ಜಾಯಿಂಟ್ ಹತ್ತಿರ, ಅಂದರೆ ಅಳೆಯಲು ಪಟ್ಟಿಯನ್ನು ಬಿಚ್ಚುವ ಜಾಗದಲ್ಲಿ. ಅದಕ್ಕೆ ಟೆರೇಸ್ ಹತ್ತುವುದೇ ಬೇಡ.

ಆಫ್ ಮಾಡಿಸುವುದನ್ನೇ ನಿಯಮ ಮಾಡಿದರೆ ಏನಾಗುತ್ತದೆ ನೋಡಿ. ಕಂಪನಿಗೆ ಮೇಲ್ ಹಾಕಬೇಕು, ಅವರ ಒಪ್ಪಿಗೆಗೆ ಕಾಯಬೇಕು, ಅವರ ಕಡೆಯವನು ಬರಬೇಕು. ಅಷ್ಟರಲ್ಲಿ ಮೇ ತಿಂಗಳು ಬಂದಿರುತ್ತದೆ, ತುಕ್ಕು ಹಿಡಿದ ಕ್ಲಾಂಪ್ ಹಾಗೇ ಇರುತ್ತದೆ. ಸಾಧಾರಣ ಸಿಡಿಲಿನಲ್ಲೇ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಪಟ್ಟಿ ಬಿಟ್ಟುಕೊಂಡ ಕಡೆ ಅದು ಪಕ್ಕದ ಪೈಪಿಗೋ ವೈರಿಂಗಿಗೋ ಹಾರುತ್ತದೆ. ಅಲ್ಲಿಂದ ಮನೆಯೊಳಗೆ.

ಅಸೋಸಿಯೇಷನ್ ಮೀಟಿಂಗುಗಳಲ್ಲಿ ರೇಡಿಯೇಶನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸೇಫ್ಟಿ ಬೆಲ್ಟ್ ಇಲ್ಲದೆ ಪ್ಯಾರಪೆಟ್ ಹತ್ತುವ ಹುಡುಗನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಮೊದಲು ಆ ಬೆಲ್ಟಿಗೆ ದುಡ್ಡು ತೆಗೆದಿಡಲಿ.