ಹಸಿರು ಟಿಕ್, ಕೆಂಪು ಇಂಟು

ಪ್ರಾಡಕ್ಟ್ ಮ್ಯಾನೇಜರ್, ಅಂದರೆ ಪ್ರಾಡಕ್ಟ್‌ನಲ್ಲಿ ಮುಂದೆ ಏನು ಬರಬೇಕು ಅಂತ ನಿರ್ಧರಿಸುವ ಕೆಲಸದಲ್ಲಿರುವ ಬಹುತೇಕ ಎಲ್ಲರ ಹತ್ತಿರವೂ ಒಂದು ಎಕ್ಸೆಲ್ ಶೀಟ್ ಇರುತ್ತದೆ. ಎಡಗಡೆ ಫೀಚರ್‌ಗಳ ಹೆಸರು, ಮೇಲೆ ಸಾಲಾಗಿ ನಮ್ಮ ಪ್ರಾಡಕ್ಟ್ ಮತ್ತು ನಾಲ್ಕೈದು ಎದುರಾಳಿಗಳು, ಒಳಗೆಲ್ಲ ಹಸಿರು ಟಿಕ್, ಕೆಂಪು ಇಂಟು. ಮೀಟಿಂಗ್‌ನಲ್ಲಿ ಅದು ಸ್ಕ್ರೀನ್ ಮೇಲೆ ಬಂದದ್ದೇ ತಡ, ಎಲ್ಲರ ಕಣ್ಣೂ ನಮ್ಮ ಕಾಲಮ್ಮಿನ ಕೆಂಪಿನ ಮೇಲೆ. "ಅವರಲ್ಲಿದೆ, ನಮ್ಮಲ್ಲಿ ಯಾಕಿಲ್ಲ?" ಅಷ್ಟೇ, ಮುಂದಿನ ಮೂರು ತಿಂಗಳ ಕೆಲಸ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ನನಗೆ ಈ ಶೀಟ್ ಕಂಡರೆ ಆಗುವುದಿಲ್ಲ. ಎದುರಾಳಿಗಳ ಮೇಲೆ ಕಣ್ಣಿಡಬಾರದು ಅಂತಲ್ಲ, ಖಂಡಿತ ಇಡಬೇಕು. ಆದರೆ ಟಿಕ್ ಹಾಕಿದ ಕೂಡಲೇ ನಿಜವಾಗಿ ತಿಳಿಯಬೇಕಾದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಎಲ್ಲರ ಫೋನಿನಲ್ಲೂ ಇರುವ ವಾಟ್ಸಾಪ್, ಟೆಲಿಗ್ರಾಂ ಎರಡನ್ನೇ ತಗೊಳ್ಳಿ. 'ಎಂಡ್ ಟು ಎಂಡ್ ಎನ್‌ಕ್ರಿಪ್ಷನ್' (ಕಳಿಸಿದವರು, ಪಡೆದವರು ಬಿಟ್ಟರೆ ಕಂಪನಿಯೂ ಮೆಸೇಜ್ ಓದಲಾಗದ ಹಾಗೆ ಬೀಗ) ಅಂತ ಒಂದು ಸಾಲು ಹಾಕಿದರೆ ಎರಡಕ್ಕೂ ಟಿಕ್. ಸುಳ್ಳೇನಲ್ಲ. ಆದರೆ ವಾಟ್ಸಾಪ್‌ನಲ್ಲಿ 2016ರ ಏಪ್ರಿಲ್‌ನಿಂದ ಮಾಮೂಲಿ ಚಾಟ್, ಗ್ರೂಪ್ ಚಾಟ್ ಎರಡಕ್ಕೂ ಅದು ತಾನಾಗಿಯೇ ಇರುತ್ತದೆ. ಟೆಲಿಗ್ರಾಂನಲ್ಲಿ ನೀವೇ ಹುಡುಕಿ ಸೀಕ್ರೆಟ್ ಚಾಟ್ ಶುರು ಮಾಡಬೇಕು, ಗ್ರೂಪ್ ಚಾಟ್‌ಗೆ ಇಲ್ಲವೇ ಇಲ್ಲ. ಹಾಗಂತ ಟೆಲಿಗ್ರಾಂ ಸೋತಿತು ಅಂದುಕೊಳ್ಳಬೇಡಿ. ಮಾಮೂಲಿ ಚಾಟೆಲ್ಲ ಅವರ ಸರ್ವರ್‌ನಲ್ಲೇ ಇರುವುದರಿಂದ ಹೊಸ ಫೋನಿನಲ್ಲಿ ಲಾಗಿನ್ ಆದರೆ ಸಾಕು, ಹಳೇ ಮೆಸೇಜೆಲ್ಲ ಹಾಗೇ ಸಿಗುತ್ತವೆ, ಬ್ಯಾಕಪ್ ತಲೆನೋವೇ ಇಲ್ಲ. ಒಂದು ಸಾಲಿನ ಕೊರತೆಯೇ ಇನ್ನೊಂದು ಸಾಲಿನ ಅನುಕೂಲ. ಇದನ್ನು ಯಾವ ಟಿಕ್ ಹೇಳುತ್ತದೆ?

ಮೆಸೇಜ್ ಎಡಿಟ್ ಮಾಡುವುದು ಟೆಲಿಗ್ರಾಂಗೆ ಬಂದದ್ದು 2016ರಲ್ಲಿ, ವಾಟ್ಸಾಪ್‌ಗೆ 2023ರಲ್ಲಿ, ಅದೂ ಕಳಿಸಿದ 15 ನಿಮಿಷದೊಳಗೆ ಮಾತ್ರ. ಏಳು ವರ್ಷ ಆ ಸಾಲಿನಲ್ಲಿ ವಾಟ್ಸಾಪ್‌ಗೆ ಕೆಂಪು ಇಂಟು ಇತ್ತು. ಜನ ಬಿಟ್ಟು ಹೋದರಾ? ಅದರ ನಡುವೆಯೇ, 2020ರಲ್ಲಿ, ಬಳಸುವವರ ಸಂಖ್ಯೆ 200 ಕೋಟಿ ದಾಟಿತು ಅಂತ ಕಂಪನಿಯೇ ಹೇಳಿತ್ತು.

ಶೀಟಿನ ಇನ್ನೊಂದು ತೊಂದರೆ ಇನ್ನೂ ದೊಡ್ಡದು. ಸಾಲುಗಳನ್ನು ಬರೆಯುವವರು ನಾವೇ, ಹಾಗಾಗಿ ನಮಗೆ ಗೊತ್ತಿರುವುದಷ್ಟೇ ಅಲ್ಲಿ ಬರುತ್ತದೆ. 2007ರ ಮೊದಲ ಐಫೋನ್‌ನಲ್ಲಿ 3ಜಿ ಇರಲಿಲ್ಲ, ಜಿಪಿಎಸ್ ಇರಲಿಲ್ಲ, ವಿಡಿಯೋ ತೆಗೆಯಲು ಆಗುತ್ತಿರಲಿಲ್ಲ, ಕಾಪಿ ಪೇಸ್ಟ್ ಬಂದದ್ದೇ 2009ರಲ್ಲಿ. ಕ್ಯಾಮೆರಾ 2 ಮೆಗಾಪಿಕ್ಸೆಲ್. ಅದೇ ಕಾಲದ ನೋಕಿಯಾ ಎನ್95ನಲ್ಲಿ ಇವೆಲ್ಲ ಇದ್ದವು, ಕ್ಯಾಮೆರಾ 5 ಮೆಗಾಪಿಕ್ಸೆಲ್. ಆಗ ಯಾರಾದರೂ ಶೀಟ್ ಮಾಡಿದ್ದರೆ ನೋಕಿಯಾ ಕಾಲಮ್ ಪೂರ್ತಿ ಹಸಿರು. 'ಬೆರಳಲ್ಲೇ ಹಿಗ್ಗಿಸಿ ವೆಬ್ ಪೇಜ್ ಓದುವುದು' ಅನ್ನುವ ಸಾಲು ಆ ಶೀಟಿನಲ್ಲಿ ಇರುತ್ತಿತ್ತಾ? ನನಗಂತೂ ಅನುಮಾನ.

ನಾನೀಗ ಟಿಕ್ ಹಾಕುವುದನ್ನೇ ಬಿಟ್ಟಿದ್ದೇನೆ. ಶೀಟಿನ ಪ್ರತಿ ಚೌಕದಲ್ಲೂ ಟಿಕ್ ಬದಲು ಒಂದು ವಾಕ್ಯ. ಯಾವ ಪ್ಲಾನಿನಲ್ಲಿ ಸಿಗುತ್ತದೆ, ತಾನಾಗಿ ಆನ್ ಇರುತ್ತದಾ, ಮಿತಿ ಏನು, ನೋಡಿದ ತಾರೀಖು ಯಾವುದು, ನೋಡಿದ್ದು ಎಲ್ಲಿ. ತಾರೀಖಿಲ್ಲದ ಮಾಹಿತಿ ಆರು ತಿಂಗಳಾದ ಮೇಲೆ ಬರೀ ಗಾಳಿಸುದ್ದಿ. ಎದುರಾಳಿಯ ಹೋಮ್ ಪೇಜ್ ನಾನು ಓದುವುದೇ ಇಲ್ಲ, ಅಲ್ಲಿ ಎಲ್ಲವೂ ಇದೆ ಅಂತಲೇ ಬರೆದಿರುತ್ತಾರೆ. ಹೆಲ್ಪ್ ಪೇಜ್ ಓದಿ. 'ಇದು ಅಡ್ಮಿನ್ ಅಕೌಂಟ್‌ಗೆ ಮಾತ್ರ', 'ಮೊಬೈಲ್ ಆ್ಯಪ್‌ನಲ್ಲಿ ಸದ್ಯಕ್ಕಿಲ್ಲ' ಅಂತ ನಿಜ ಒಪ್ಪಿಕೊಳ್ಳುವ ಜಾಗ ಅದು. ರಿಲೀಸ್ ನೋಟ್ಸ್, ಅಂದರೆ ಹೊಸ ಆವೃತ್ತಿಯಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ, ನೋಡಿ. ವೆಬ್‌ಸೈಟ್‌ಗಳ ಹಳೇ ಪ್ರತಿಗಳನ್ನು ಇಟ್ಟುಕೊಂಡಿರುವ ವೇಬ್ಯಾಕ್ ಮಷೀನ್‌ನಲ್ಲಿ ಅವರ ಹಳೇ ಪ್ರೈಸಿಂಗ್ ಪೇಜ್ ತೆಗೆದರೆ, ದುಬಾರಿ ಪ್ಲಾನಿನಲ್ಲಿದ್ದ ಫೀಚರ್ ಯಾವಾಗ ಅಗ್ಗದ ಪ್ಲಾನಿಗೆ ಇಳಿಯಿತು ಅನ್ನುವುದೂ ಎಷ್ಟೋ ಸಲ ಸಿಗುತ್ತದೆ. (ಈಗ ಎಐ ಟೂಲ್‌ಗೆ ಹೇಳಿದರೆ ನಿಮಿಷದಲ್ಲಿ ಟೇಬಲ್ ಮಾಡಿಕೊಡುತ್ತದೆ. ಸುಮ್ನೆ ನಂಬಿದರೆ ಅದೇ ಹೋಮ್ ಪೇಜಿನ ಬಡಾಯಿ ಚಂದದ ಗೆರೆಗಳ ಒಳಗೆ ಕೂತಿರುತ್ತದೆ.)

ಸೇಲ್ಸ್‌ನವರು "ಈ ಫೀಚರ್ ಇಲ್ಲ ಅಂತಲೇ ಡೀಲ್ ಹೋಯಿತು" ಅಂದರೆ ಆ ಗ್ರಾಹಕರಿಗೆ ನೀವೇ ಫೋನ್ ಮಾಡಿ. ನಾನು ಹಾಗೆ ಮಾತಾಡಿಸಿದ ಒಬ್ಬರು ನೇರವಾಗಿ ಹೇಳಿದರು: "ಫೀಚರ್ ಕೇಳಿದ್ದು ನಿಜ ಸರ್, ಆದ್ರೆ ಬಿಟ್ಟಿದ್ದು ಅದಕ್ಕಲ್ಲ. ನಮ್ಮ ಹಳೇ ಡೇಟಾ ನಿಮ್ಮಲ್ಲಿಗೆ ತರೋದು ಹೇಗೆ ಅಂತ ಕೇಳಿದ್ವಿ, ಯಾರೂ ಸರಿಯಾಗಿ ಹೇಳ್ಲಿಲ್ಲ." ನಮ್ಮ ಶೀಟಿನಲ್ಲಿ 'ಇಂಪೋರ್ಟ್' ಸಾಲಿಗೆ ಹಸಿರು ಟಿಕ್ ಇತ್ತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ!

ಇನ್ನೊಂದು ಕಾಲಮ್ ಸೇರಿಸಿಕೊಂಡಿದ್ದೇನೆ: 'ನಾವೇನು ಮಾಡುತ್ತೇವೆ'. ಅಲ್ಲಿ ಜಾಸ್ತಿ ಕಾಣುವ ಉತ್ತರ 'ಏನೂ ಇಲ್ಲ', ಪಕ್ಕದಲ್ಲಿ ಕಾರಣ, ಒಪ್ಪಿದವರ ಹೆಸರು. ಮೂರು ತಿಂಗಳಿಗೊಮ್ಮೆ ಅದೇ ಫೀಚರ್ ಬಗ್ಗೆ ಅದೇ ಪ್ರಶ್ನೆ ಬರುತ್ತದೆ, ಎಷ್ಟೋ ಸಲ ಕೇಳುವವರೂ ಆ ಕಾಲಮ್ಮಿನಲ್ಲಿ ಹೆಸರಿರುವವರೇ.